ಹೊಲಿಗೆ ಮೆಷಿನ್ನಿನ ಕಾಲು ಮೇಜಾದ ಕಥೆ

ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮೆಷಿನ್ ಒಂದೇ ಸಲಕ್ಕೆ ಹಾಳಾಗುವುದಿಲ್ಲ. ಮೊದಲು ಚರ್ಮದ ಬೆಲ್ಟ್ ಒಣಗಿ ತುಂಡಾಗುತ್ತದೆ. ಆಮೇಲೆ ಹಲಗೆಯ ಸರದಿ. ಮಳೆಗಾಲದ ತೇವಕ್ಕೆ ಅದರ ಮೇಲಿನ ತೆಳು ಮರದ ಪದರ ಎದ್ದುಬರುತ್ತದೆ, ಇಲ್ಲವೇ ಗೆದ್ದಲು ಹಿಡಿಯುತ್ತದೆ. ಟೈಲರ್‌ಗಳು ‘ಹೆಡ್’ ಎಂದು ಕರೆಯುವ ಕಪ್ಪು ಮೇಲ್ಭಾಗವೂ ಒಂದು ದಿನ ಬಿಡಿಭಾಗ ಸಿಗದೆ ಮೂಲೆ ಸೇರುತ್ತದೆ. ಕೊನೆಗೆ ಉಳಿಯುವುದು ಕಬ್ಬಿಣದ ಸ್ಟ್ಯಾಂಡ್. ಬಳ್ಳಿಯಂತೆ ಸುತ್ತಿಕೊಂಡ ಎರಡು ಪಕ್ಕದ ಕಾಲುಗಳು, ನಡುವೆ ಕಂಪನಿಯ ಹೆಸರು, ಕೆಳಗೆ ಜಾಲರಿಯಂಥ ಪೆಡಲ್, ಬಲಗಡೆ ದೊಡ್ಡ ಚಕ್ರ. ನೂರು ವರ್ಷವಾದರೂ ಅದಕ್ಕೆ ಏನೂ ಆಗಿರುವುದಿಲ್ಲ.

ನಮ್ಮಲ್ಲಿ ಅನೇಕರು ಇಲ್ಲಿ ದುಡಿದು ಊರಲ್ಲಿ ಹೊಸ ಮನೆ ಕಟ್ಟಿಸುತ್ತೇವೆ. ಗೃಹಪ್ರವೇಶಕ್ಕೆ ಮುಂಚೆ ಊರಿಂದ ಒಂದು ಫೋನ್ ಬರುತ್ತದೆ: “ಹಳೇ ಮೆಷಿನ್ ಏನ್ ಮಾಡೋದು? ಗುಜರಿಯವನು ಬಂದಿದಾನೆ, ಕೆ.ಜಿ. ಲೆಕ್ಕದಲ್ಲಿ ತಗೋತಾನಂತೆ.” ಇತ್ತೀಚೆಗೆ ಇದಕ್ಕೆ ಇನ್ನೊಂದು ಉತ್ತರವೂ ಇದೆ. ಹೆಡ್ ತೆಗೆದುಹಾಕಿ, ಸ್ಟ್ಯಾಂಡಿಗೆ ಬಣ್ಣ ಹೊಡೆದು, ಮೇಲೆ ಗಾಜು ಅಥವಾ ಕಲ್ಲು ಕೂರಿಸಿ ಮೇಜು ಮಾಡಿಕೊಳ್ಳುವುದು. ಬೆಂಗಳೂರಿನ ಕಾಫಿ ಹೋಟೆಲುಗಳಿಂದ ಹಿಡಿದು ಹೋಂ ಸ್ಟೇಗಳವರೆಗೆ ಇಂಥ ಮೇಜುಗಳು ಈಗ ಕಾಣುತ್ತವೆ. ನೋಡಲು ಚೆನ್ನಾಗಿಯೂ ಇರುತ್ತವೆ. ಆದರೆ ಗುಜರಿಯೋ ಮೇಜೋ ಎಂದು ತೀರ್ಮಾನಿಸುವ ಮೊದಲು ಆ ಕಬ್ಬಿಣದ ಚರಿತ್ರೆಯನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಕೂಲಿ ಮಾಡಿ ಬದುಕುವವರು ಕಂತು ಕಟ್ಟಿ ಸ್ವಂತ ಮಾಡಿಕೊಂಡ ಮೊದಲ ಯಂತ್ರಗಳಲ್ಲಿ ಇದೂ ಒಂದು.

ಪೆಟ್ಟಿಗೆಯಿಂದ ಸ್ಟ್ಯಾಂಡಿಗೆ

ಹೊಲಿಗೆ ಯಂತ್ರ ಒಬ್ಬರ ತಲೆಯಿಂದ ಹುಟ್ಟಿದ್ದಲ್ಲ. ಫ್ರಾನ್ಸಿನಲ್ಲಿ ಬಾರ್ತಲೆಮಿ ತಿಮೊನಿಯೆ ಎಂಬ ದರ್ಜಿ 1830ರಲ್ಲಿ ಪೇಟೆಂಟ್ ಪಡೆದು, ಪ್ಯಾರಿಸ್‌ನಲ್ಲಿ ತನ್ನ ಯಂತ್ರಗಳಿಂದ ಸೈನಿಕರ ಸಮವಸ್ತ್ರ ಹೊಲಿಸತೊಡಗಿದ. ಕೈಹೊಲಿಗೆಯ ದರ್ಜಿಗಳು ತಮ್ಮ ಅನ್ನಕ್ಕೆ ಕುತ್ತು ಬಂತೆಂದು 1831ರಲ್ಲಿ ನುಗ್ಗಿ ಆ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕದಲ್ಲಿ ಇಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಐಸಾಕ್ ಮೆರಿಟ್ ಸಿಂಗರ್ ಬಾಸ್ಟನ್ನಿನ ಒಂದು ವರ್ಕ್‌ಶಾಪಿನಲ್ಲಿ ಆಗಿನ ಯಂತ್ರವೊಂದನ್ನು ಸುಧಾರಿಸಿ 1851ರ ಆಗಸ್ಟ್ 12ರಂದು ತನ್ನ ಪೇಟೆಂಟ್ ಪಡೆದುಕೊಂಡ.

ಸಿಂಗರ್‌ನ ಮೊದಲ ಯಂತ್ರಕ್ಕೆ ಈಗ ನಾವು ಕಾಣುವ ಕಬ್ಬಿಣದ ಸ್ಟ್ಯಾಂಡ್ ಇರಲಿಲ್ಲ. ಯಂತ್ರವನ್ನು ತುಂಬಿ ಕಳಿಸುತ್ತಿದ್ದ ಮರದ ಪೆಟ್ಟಿಗೆಯೇ ಅದರ ಮೇಜು. ಪೆಟ್ಟಿಗೆಯನ್ನು ನಿಲ್ಲಿಸಿ, ಮೇಲೆ ಯಂತ್ರವಿಟ್ಟು, ಕೆಳಗೆ ಪೆಡಲ್ ಜೋಡಿಸಿ ತುಳಿಯುತ್ತಿದ್ದರು. ಈ ಪೆಡಲಿಗೇ ಪೇಟೆಂಟ್ ಪಡೆಯಬಹುದಿತ್ತೆಂದು ಸಿಂಗರ್‌ಗೆ ಹೊಳೆಯುವಷ್ಟರಲ್ಲಿ ಅದು ಬಳಕೆಗೆ ಬಂದು ಎರಡು ವರ್ಷ ದಾಟಿತ್ತು, ಕಾನೂನಿನ ಅವಧಿ ಮುಗಿದಿತ್ತು ಎಂದು ಯಂತ್ರದ ಚರಿತ್ರೆ ಬರೆದವರು ಹೇಳುತ್ತಾರೆ. ಹಾಗಾಗಿ ಕಾಲಿನ ತುಳಿತ ಯಾರೊಬ್ಬರ ಸೊತ್ತೂ ಆಗಲಿಲ್ಲ. ಎಲ್ಲ ಕಂಪನಿಗಳೂ ಅದನ್ನು ಬಳಸಿಕೊಂಡವು.

ಪೆಡಲ್ ತಂದ ಅನುಕೂಲ ಹೊಲಿಯುವವರಿಗೆ ಗೊತ್ತು. ಕೈ ಮೆಷಿನ್ನಿನಲ್ಲಿ ಬಲಗೈ ಹಿಡಿಕೆ ತಿರುಗಿಸುತ್ತಿರಬೇಕು, ಬಟ್ಟೆ ಹಿಡಿಯಲು ಎಡಗೈ ಒಂದೇ. ಪೆಡಲ್ ಬಂದಾಗ ಎರಡೂ ಕೈ ಬಟ್ಟೆಗೆ ಸಿಕ್ಕವು. ಕೆಲಸದ ವೇಗ ಕಾಲಿನ ಹಿಡಿತದಲ್ಲಿ ಬಂತು. ವಿದ್ಯುತ್ ಬೇಡ, ಎಣ್ಣೆ ಎರಡು ಹನಿ ಸಾಕು.

ಮರ ಒಂದೂರಿನದು, ಕಬ್ಬಿಣ ಇನ್ನೊಂದೂರಿನದು

ಸಿಂಗರ್‌ನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲ. ಯಂತ್ರದ ಬೆಲೆ ಸಾಮಾನ್ಯ ಸಂಸಾರಕ್ಕೆ ನಿಲುಕುತ್ತಿರಲಿಲ್ಲ. 1856ರಲ್ಲಿ ಕ್ಲಾರ್ಕ್ ಕಂತಿನ ವ್ಯವಸ್ಥೆ ತಂದ. ಸ್ವಲ್ಪ ಮುಂಗಡ ಕೊಟ್ಟು ಮೆಷಿನ್ ಮನೆಗೆ ಒಯ್ಯಬೇಕು, ಉಳಿದದ್ದನ್ನು ತಿಂಗಳು ತಿಂಗಳು ಕಟ್ಟಬೇಕು, ತಪ್ಪಿದರೆ ಕಂಪನಿ ಮೆಷಿನ್ ಎತ್ತಿಕೊಂಡು ಹೋಗುತ್ತದೆ. ಇಂದು ನಾವು ಫೋನ್, ಬೈಕ್, ಕಾರಿಗೆ ಕಟ್ಟುವ ಕಂತಿನ ಅಜ್ಜ ಇದೇ. ಅದರ ಒಳಿತು ಕೆಡಕು ಎರಡೂ ಅಂದೇ ಇದ್ದವು. ಆದರೂ ಆ ಕಂತಿನಿಂದಲೇ ಹೊಲಿಗೆ ಮೆಷಿನ್ ಬಡವರ ಕೈಗೆ ಬಂತು. ಕೊನೆಯ ಕಂತು ಕಟ್ಟಿದ ದಿನ ಅದು ಅವರದೇ ಆಯಿತು.

ಮನೆಯೊಳಗೆ ಹೋಗಬೇಕಾದರೆ ಯಂತ್ರ ಕಾರ್ಖಾನೆಯ ಸಾಮಾನಿನಂತೆ ಕಾಣಬಾರದು. ಆದ್ದರಿಂದ ಕಂಪನಿಗಳು ಅದನ್ನು ಪೀಠೋಪಕರಣವಾಗಿ ಮಾಡಿದವು. ಸಿಂಗರ್ ಕಂಪನಿ 1868ರಲ್ಲಿ ಮರದ ಕೆಲಸಕ್ಕೆಂದೇ ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಕಾರ್ಖಾನೆ ತೆರೆಯಿತು. ಸುತ್ತಲಿನ ಕಾಡಿನಲ್ಲಿ ವಾಲ್‌ನಟ್ ಮತ್ತು ಓಕ್ ಮರ ಹೇರಳವಾಗಿತ್ತು. ಯಂತ್ರದ ಕೆಲಸ ನ್ಯೂಜೆರ್ಸಿಯ ಎಲಿಜಬೆತ್‌ಪೋರ್ಟ್‌ನಲ್ಲಿ 1873ರಿಂದ ನಡೆಯಿತು. ಮರ ಮತ್ತು ಕಬ್ಬಿಣ ಎರಡು ಊರಲ್ಲಿ ತಯಾರಾಗಿ ನಾಲ್ಕಾರು ಸ್ಕ್ರೂಗಳಲ್ಲಿ ಕೂಡುತ್ತಿದ್ದವು. ಇಂದು ಒಂದು ಸ್ಕ್ರೂಡ್ರೈವರ್‌ನಿಂದ ಹಲಗೆ ಬಿಚ್ಚಿ ಮೇಜು ಮಾಡಲು ಸಾಧ್ಯವಾಗುವುದು ಈ ಕಾರಣಕ್ಕೆ.

ಸ್ಟ್ಯಾಂಡಿನ ಕಬ್ಬಿಣ ಬೀಡು ಕಬ್ಬಿಣ. ನನ್ನ ಊರು ಭದ್ರಾವತಿ. 1923ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಊರಾದ್ದರಿಂದ ಬೀಡು, ಉಕ್ಕು ಎಂಬ ವ್ಯತ್ಯಾಸ ಅಲ್ಲಿ ಮಕ್ಕಳಿಗೂ ಗೊತ್ತಿರುತ್ತಿತ್ತು. ಕರಗಿಸಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದರೆ ಹೂವು, ಬಳ್ಳಿ, ಅಕ್ಷರ ಯಾವುದನ್ನು ಬೇಕಾದರೂ ಮೂಡಿಸಬಹುದು, ಖರ್ಚು ಹೆಚ್ಚಾಗುವುದಿಲ್ಲ. ಬೀಡು ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಬಗ್ಗುವುದಿಲ್ಲ. ಎತ್ತರದಿಂದ ಬಿದ್ದರೆ ಪಿಂಗಾಣಿಯಂತೆ ಸೀಳುತ್ತದೆ. ಹಳೆಯ ಸ್ಟ್ಯಾಂಡುಗಳಲ್ಲಿ ತುಕ್ಕಿಗಿಂತ ಮುರಿದ ಕಾಲೇ ದೊಡ್ಡ ಸಮಸ್ಯೆಯಾಗುವುದು ಇದರಿಂದ.

ಪಾಲಿಶ್ ಮಾಡಿದ ಹನ್ನೆರಡು ಹೆಂಗಸರು

ಭಾರತಕ್ಕೆ ಬಂದ ಸಿಂಗರ್ ಮೆಷಿನ್‌ಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ತಯಾರಾದವು. ಅಲ್ಲಿನ ಕಿಲ್‌ಬೋವಿ ಕಾರ್ಖಾನೆ 1885ರಲ್ಲಿ ಶುರುವಾಯಿತು. 1913ರಲ್ಲಿ ಒಂದೇ ವರ್ಷ ಸುಮಾರು 13 ಲಕ್ಷ ಮೆಷಿನ್ ಹೊರಬಂದವು. ಮಾಡೆಲ್ ನಂಬರಿನ ಕೊನೆಗೆ ‘ಕೆ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ, ಉದಾಹರಣೆಗೆ 15ಕೆ, ಅದು ಕಿಲ್‌ಬೋವಿಯ ಗುರುತು.

ಆ ಕಾರ್ಖಾನೆಯ ಒಂದು ಘಟನೆ ಮೇಜು ಮಾಡಿಕೊಳ್ಳುವವರು ತಿಳಿದಿರಬೇಕಾದದ್ದು. 1911ರ ಮಾರ್ಚ್‌ನಲ್ಲಿ ಮೆಷಿನ್ನಿನ ಮರದ ಹಲಗೆಗಳಿಗೆ ಪಾಲಿಶ್ ಹಾಕುವ ವಿಭಾಗದಲ್ಲಿ ಕೆಲಸವನ್ನು ಮರುಹಂಚಿಕೆ ಮಾಡಿ ಹೆಂಗಸರ ಮೇಲೆ ಹೊರೆ ಹೆಚ್ಚಿಸಲಾಯಿತು. ಹನ್ನೆರಡು ಹೆಂಗಸರು ಕೆಲಸ ಬಿಟ್ಟು ಹೊರಬಂದರು. ಕೆಲವೇ ದಿನಗಳಲ್ಲಿ ಅವರ ಹಿಂದೆ ಸುಮಾರು 11,000 ಜನ ಹೊರಬಂದು ಕಾರ್ಖಾನೆ ನಿಂತಿತು. ಏಪ್ರಿಲ್‌ನಲ್ಲಿ ಮುಷ್ಕರ ಸೋತಿತು. ಆಮೇಲೆ ಕಂಪನಿ ಮುಂದಾಳುಗಳೂ ಸೇರಿ ಸುಮಾರು 400 ಜನರನ್ನು ಕೆಲಸದಿಂದ ತೆಗೆಯಿತು. ನೂರು ವರ್ಷ ಕಳೆದರೂ ಮಾಸದ ಆ ಹೊಳಪಿನ ಹಿಂದೆ ಈ ಕೈಗಳಿವೆ.

ಎರಡನೇ ಮಹಾಯುದ್ಧದಲ್ಲಿ, 1941ರ ಮಾರ್ಚ್‌ನಲ್ಲಿ, ಜರ್ಮನ್ ವಿಮಾನಗಳು ಕ್ಲೈಡ್‌ಬ್ಯಾಂಕ್ ಮೇಲೆ ಬಾಂಬ್ ಹಾಕಿದಾಗ ಸಿಂಗರ್‌ನ ಮರದ ದಾಸ್ತಾನು ಹೊತ್ತಿ ಉರಿಯಿತು. 1980ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಅಲ್ಲಿ ಉಳಿದಿರುವುದು ‘ಸಿಂಗರ್’ ಎಂಬ ಹೆಸರಿನ ರೈಲು ನಿಲ್ದಾಣ. ಕಾರ್ಖಾನೆಯೇ ಇಲ್ಲದ ಊರಿನ ಸ್ಟ್ಯಾಂಡುಗಳು ನಮ್ಮ ಹಾಸನ, ಹಾವೇರಿ, ಪುತ್ತೂರಿನ ಜಗಲಿಗಳಲ್ಲಿ ಇನ್ನೂ ನಿಂತಿವೆ.

ನಮ್ಮೂರಿನ ಸೂಜಿ ಕಾಯಕ

ಸೂಜಿ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಕಾಯಕವೇ ಅವರ ಹೆಸರಾಗಿ ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಸಿಂಪಿಗರು ತಲೆಮಾರುಗಳಿಂದ ಹೊಲಿಗೆ ಮಾಡಿಕೊಂಡು ಬಂದವರು. ಆದರೂ ಭಾರತದಲ್ಲಿ ಹೊಲಿಗೆ ಮೆಷಿನ್ ಮಾರುವುದು ಶುರುವಿನಲ್ಲಿ ಸುಲಭವಾಗಿರಲಿಲ್ಲ. ಸೀರೆ, ಪಂಚೆ, ಶಲ್ಯಕ್ಕೆ ಹೊಲಿಗೆಯೇ ಬೇಡ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯಲ್ಲಿ ಕೂತು ಸಿಂಗರ್ ಕಂಪನಿಯ ಭಾರತದ ವ್ಯಾಪಾರ ಬೆಳೆಸಿದವರು ಎನ್. ಎಂ. ಪಟೇಲ್ ಎಂಬ ಪಾರ್ಸಿ ವ್ಯಾಪಾರಿ. ಇಲ್ಲಿ ಮೆಷಿನ್ ಕೊಂಡವರಲ್ಲಿ ಮುಖ್ಯರಾದವರು ಗೃಹಿಣಿಯರಲ್ಲ, ದರ್ಜಿಗಳು.

ಎರಡು ನಾಡುಗಳ ದಾರಿ ಬೇರೆಯಾದದ್ದು ಇಲ್ಲಿ. ಅಮೆರಿಕದಲ್ಲಿ ಮೆಷಿನ್ ಮನೆಯ ಒಳಕೋಣೆಗೆ ಪೀಠೋಪಕರಣವಾಗಿ ಹೋಯಿತು. ನಮ್ಮಲ್ಲಿ ಅದು ಬೀದಿಗೆ ಮುಖಮಾಡಿ ಕೂತಿತು. ಬಟ್ಟೆ ಅಂಗಡಿಯ ಜಗಲಿ, ಸಂತೆಯ ಮೂಲೆ, ಬಸ್ ಸ್ಟ್ಯಾಂಡಿನ ಪಕ್ಕದ ತಗಡಿನ ಶೆಡ್ಡು, ಎಲ್ಲಿ ಸ್ಟ್ಯಾಂಡ್ ನಿಲ್ಲುತ್ತದೋ ಅಲ್ಲೇ ಅಂಗಡಿ. ಅಳತೆಪಟ್ಟಿ ಕೊರಳಲ್ಲಿ, ಕತ್ತರಿ ಹಲಗೆಯ ಮೇಲೆ, ಬಾಬಿನ್ ಡ್ರಾಯರಿನಲ್ಲಿ. ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮು, ರಂಜಾನ್, ಗೌರಿ ಹಬ್ಬ, ದೀಪಾವಳಿಗೆ ರಾತ್ರಿಯಿಡೀ ಹೊಲಿಗೆ. ಹೆಂಗಸರು ರವಿಕೆ ತೊಡುವುದು ಹೆಚ್ಚಾದಂತೆ, ಹೊಲಿಗೆ ತರಗತಿಗಳು ಬಂದಂತೆ, ಮೆಷಿನ್ ಮನೆಯೊಳಗೂ ಬಂತು. ಅಲ್ಲೂ ಅದು ಬೆಳಕಿಗಾಗಿ ಕಿಟಕಿಯ ಬಳಿ, ಗಿರಾಕಿಗಾಗಿ ಬಾಗಿಲ ಬಳಿ ನಿಂತಿತು.

ಯಂತ್ರಗಳ ಹುಚ್ಚನ್ನು ವಿರೋಧಿಸುತ್ತಿದ್ದ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. 1924ರ ನವೆಂಬರ್‌ನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟವಾದ ಸಂಭಾಷಣೆಯಲ್ಲಿ, ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಈ ಯಂತ್ರ ಮಾಡಿದನೆಂಬ ಕಥೆಯನ್ನು ಅವರು ಹೇಳುತ್ತಾರೆ. ಸಿಂಗರ್‌ನ ನಿಜವಾದ ಜೀವನ ಈ ಕಥೆಗೆ ಒಗ್ಗುವುದಿಲ್ಲ. ಅವನು ನಾಟಕದ ನಟ, ಹಲವು ಸಂಸಾರಗಳಿದ್ದವನು, ಹಣಕ್ಕಾಗಿಯೇ ಯಂತ್ರದ ಕೆಲಸಕ್ಕೆ ಇಳಿದವನು. ಆದರೆ ಗಾಂಧೀಜಿಯವರ ಮುಖ್ಯ ಮಾತು ಬೇರೆ ಇತ್ತು. ಈ ಯಂತ್ರ ಮನುಷ್ಯನ ಕೈಕಾಲನ್ನು ನಿರುಪಯೋಗಿ ಮಾಡುವುದಿಲ್ಲ, ಅದರ ಶ್ರಮ ಉಳಿಸುತ್ತದೆ. ಇಂಥ ಮೆಷಿನ್ ಮಾಡುವ ಕಾರ್ಖಾನೆ ಬೇಕಾದರೆ ಅದು ಸರ್ಕಾರದ ಹತೋಟಿಯಲ್ಲಿರಲಿ ಎಂದೂ ಅದೇ ಸಂಭಾಷಣೆಯಲ್ಲಿ ಹೇಳಿದರು. ಮುಂದೆ 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಮೆಷಿನ್ ತಯಾರಿಸತೊಡಗಿತು. ಅದು ಖಾಸಗಿ ಕಾರ್ಖಾನೆ, ಆದರೆ ಸ್ವದೇಶಿ. ಆಮೇಲೆ ಲುಧಿಯಾನ ಇಂಥ ಮೆಷಿನ್‌ಗಳ ದೊಡ್ಡ ಕೇಂದ್ರವಾಯಿತು. ನಮ್ಮ ಮನೆಗಳ ಸ್ಟ್ಯಾಂಡುಗಳಲ್ಲಿ ಸಿಂಗರ್ ಜೊತೆ ಉಷಾ, ಮೆರಿಟ್ ಹೆಸರುಗಳು ಕಾಣುವುದು ಹೀಗೆ.

ನಾರ್ತ್‌ರಿಜ್‌ನ ಮೇಜು

ಅಮೆರಿಕದಲ್ಲಿ ಸ್ಟ್ಯಾಂಡ್ ಮೇಜಾಗಲು ಕಾರಣ ವಿದ್ಯುತ್. ಸಿಂಗರ್ ಕಂಪನಿ 1889ರಲ್ಲೇ ವಿದ್ಯುತ್ ಮೆಷಿನ್ ತಂದಿತ್ತು. ನಗರಗಳಲ್ಲಿ ಕರೆಂಟು ಬಂದಂತೆ ತುಳಿಯುವ ಮೆಷಿನ್ ಹಿಂದೆ ಸರಿಯಿತು. ಹಳ್ಳಿಗಳಲ್ಲಿ ಅದು ಇನ್ನೂ ಕೆಲವು ಕಾಲ ಉಳಿಯಿತು. ಅಲ್ಲಿನ ಹೊಲಮನೆಗಳಿಗೆ ವಿದ್ಯುತ್ ಕೊಡುವ ಕಾನೂನು ಬಂದದ್ದು 1936ರಲ್ಲಿ. ಕರೆಂಟು ಬಂದಮೇಲೆ ಲಕ್ಷಾಂತರ ಸ್ಟ್ಯಾಂಡುಗಳು ಉಗ್ರಾಣ ಸೇರಿದವು. ಎಸೆಯಲು ಭಾರ, ಮಾರಲು ಬೆಲೆಯಿಲ್ಲ, ನೋಡಲು ಚಂದ. ಯಾರೋ ಹಲಗೆ ಬದಲಿಸಿ ಹೂಕುಂಡ ಇಟ್ಟರು, ಇನ್ಯಾರೋ ಬೋಗುಣಿ ಕೂರಿಸಿ ಕೈ ತೊಳೆಯುವ ಜಾಗ ಮಾಡಿದರು.

ಲಾಸ್ ಏಂಜಲಿಸ್ ನಗರದ ವಾಯವ್ಯಕ್ಕೆ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ನಾರ್ತ್‌ರಿಜ್ ಎಂಬ ಬಡಾವಣೆ ಇದೆ. ನನ್ನ ಅಕ್ಕ, ಭಾವ ಅಲ್ಲಿದ್ದಾರೆ. ಅವರ ಮನೆಯ ಬಾಗಿಲ ಪಕ್ಕ ಇಂಥದೇ ಒಂದು ಮೇಜಿದೆ. ಮೇಲೆ ಓಕ್ ಹಲಗೆ, ಕೆಳಗೆ ಸಿಂಗರ್ ಹೆಸರಿನ ಸ್ಟ್ಯಾಂಡ್. ಅಲ್ಲಿ ಹಳೆಯ ಸಾಮಾನು ಸಿಗುವ ಜಾಗಗಳು ಅನೇಕ. ಪ್ರತಿ ತಿಂಗಳ ಎರಡನೇ ಭಾನುವಾರ ಪಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ನಡೆಯುವ ಹಳೆ ಸಾಮಾನಿನ ಸಂತೆ ಹೆಸರುವಾಸಿ. ಅಕ್ಕ ಕೊಂಡದ್ದು ಪಕ್ಕದ ಬೀದಿಯ ಮನೆಯೊಂದರ ಗರಾಜ್ ಸೇಲಿನಲ್ಲಿ.

ಆ ಮೇಜಿನ ನಾಲ್ಕು ಸಣ್ಣ ಗಾಲಿಗಳನ್ನು ಭಾವ ಬಿಚ್ಚಿಟ್ಟಿದ್ದಾರೆ. ಮೇಲೆ ಗಾಜು ಹಾಕಿಲ್ಲ, ಎತ್ತರದ ಸಾಮಾನೂ ಇಟ್ಟಿಲ್ಲ. ಕಾರಣ ಕೇಳಿದರೆ ಭೂಕಂಪ ಎಂದರು. 1994ರ ಜನವರಿ 17ರ ಬೆಳಗಿನ ಜಾವ 4 ಗಂಟೆ 31 ನಿಮಿಷಕ್ಕೆ ಅಲ್ಲಿ 6.7 ತೀವ್ರತೆಯ ಭೂಕಂಪವಾಯಿತು. ನಾರ್ತ್‌ರಿಜ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ 16 ಜನ ಸತ್ತರು. ಅಂದಿನಿಂದ ಆ ಕಡೆಯವರು ಕಪಾಟುಗಳನ್ನು ಗೋಡೆಗೆ ಕಟ್ಟುತ್ತಾರೆ, ಗಾಲಿಯ ಸಾಮಾನು ಕಂಡರೆ ಎರಡು ಸಲ ಯೋಚಿಸುತ್ತಾರೆ. ಎಲ್ಲ ನಾಡಿನ ಮನೆ ಸಾಮಾನಿಗೂ ಅಲ್ಲಿನ ಭಯದ ಗುರುತು ಇರುತ್ತದೆ. ನಮ್ಮಲ್ಲಿ ಗೆದ್ದಲಿಗೆ ಹೆದರಿ ಕಾಲಿನ ಕೆಳಗೆ ಬಟ್ಟಲಲ್ಲಿ ನೀರಿಡುತ್ತಿದ್ದ ಹಾಗೆ.

ಅಮ್ಮ ಒಮ್ಮೆ ಅಕ್ಕನ ಮನೆಗೆ ಹೋದಾಗ ಆ ಮೇಜಿನ ಮುಂದೆ ಕೂತು ಪೆಡಲ್ ತುಳಿದು ನೋಡಿದರಂತೆ. ಚಕ್ರ ಸಲೀಸಾಗಿ ತಿರುಗಿತು, ಆದರೆ ಹಿಂದಕ್ಕೆ. ನಿಜವಾದ ಮೆಷಿನ್ನಿನಲ್ಲಿ ಚಕ್ರವನ್ನು ಕೈಯಲ್ಲಿ ತನ್ನ ಕಡೆಗೆ ತಿರುಗಿಸಿ ತುಳಿತ ಶುರುಮಾಡಬೇಕು. ಹಿಂದಕ್ಕೆ ಹೋದರೆ ದಾರ ಸಿಕ್ಕಾಗಿ ತುಂಡಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಮೊದಲ ವಾರವೆಲ್ಲ ಇದೇ ಪಾಠ. ಅಮ್ಮ ನಕ್ಕು, “ಬೆಲ್ಟೇ ಇಲ್ದಿದ್ ಮೇಲೆ ಹಿಂದಕ್ಕೆ ತುಳಿದ್ರೇನು, ಮುಂದಕ್ಕೆ ತುಳಿದ್ರೇನು” ಎಂದರಂತೆ.

ಅದೇ ನಗರದ ಇನ್ನೊಂದು ಮೆಷಿನ್

ಮೇಜನ್ನು ನೋಡಿದವರಿಗೆ ಹೊಲಿಗೆಯ ಕಷ್ಟ ಹಳೆಯ ಕಾಲದ ಮಾತು ಅನ್ನಿಸಬಹುದು. ಲಾಸ್ ಏಂಜಲಿಸ್ ಅಮೆರಿಕದಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ದೊಡ್ಡ ನಗರ. ನಾರ್ತ್‌ರಿಜ್ ಭೂಕಂಪದ ಮರುವರ್ಷ, 1995ರ ಆಗಸ್ಟ್ 2ರಂದು, ಅದೇ ಮಹಾನಗರದ ಪೂರ್ವಕ್ಕಿರುವ ಎಲ್ ಮಾಂಟೆಯಲ್ಲಿ ಅಧಿಕಾರಿಗಳು ಒಂದು ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೆ ದಾಳಿ ಮಾಡಿದರು. ಸುತ್ತ ಮುಳ್ಳುತಂತಿ, ಒಳಗೆ ಥಾಯ್ಲೆಂಡಿನಿಂದ ಕರೆತಂದ 72 ಹೊಲಿಗೆ ಕೆಲಸಗಾರರು. ಪ್ರಯಾಣದ ಸಾಲ ತೀರಿಸಬೇಕೆಂದು ಹೇಳಿ ಅವರನ್ನು ಹೊರಗೆ ಬಿಡದೆ ದಿನಕ್ಕೆ 17-18 ಗಂಟೆ ದುಡಿಸುತ್ತಿದ್ದರು. ಕೆಲವರು ಅಲ್ಲಿ ವರ್ಷಗಟ್ಟಲೆ ಇದ್ದರು. ಅವರು ಮೊಕದ್ದಮೆ ಹೂಡಿ, ಬಟ್ಟೆ ಮಾಡಿಸಿಕೊಂಡ ಕಂಪನಿಗಳಿಂದ 40 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಪಡೆದರು. 2000ದಲ್ಲಿ ಅಮೆರಿಕ ಮಾನವ ಸಾಗಣೆಯ ವಿರುದ್ಧ ಕಾನೂನು ತಂದಾಗ ಈ ಪ್ರಕರಣ ಎಲ್ಲರ ನೆನಪಿನಲ್ಲಿತ್ತು. 2022ರಿಂದ ಕ್ಯಾಲಿಫೋರ್ನಿಯಾದಲ್ಲಿ ಬಟ್ಟೆ ಕೆಲಸಗಾರರಿಗೆ ಪೀಸ್ ಲೆಕ್ಕದ ಕೂಲಿಯನ್ನೇ ನಿಲ್ಲಿಸಿ, ಗಂಟೆಯ ಲೆಕ್ಕ ಕಡ್ಡಾಯ ಮಾಡಿದರು.

ಸಾಲ, ಏಜೆಂಟ್, ಪ್ರಯಾಣದ ಖರ್ಚು, ಬೀಗ ಹಾಕಿದ ಬಾಗಿಲು ಎಂಬ ಮಾತುಗಳ ಅರ್ಥ ಗಲ್ಫ್‌ನಲ್ಲಿ ದುಡಿಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ ಮಾಂಟೆಯ ಮೆಷಿನ್‌ಗಳು ವೇಗದ ಮೋಟಾರಿನವು, ನಮ್ಮ ಜಗಲಿಯ ಮೆಷಿನ್ ನಿಧಾನದ್ದು. ಆದರೆ ಜಗಲಿಯ ಮೆಷಿನ್ ಹೊಲಿಯುವವರ ಸ್ವಂತದ್ದು. ಬೇಕಾದಾಗ ಎದ್ದು ಒಲೆಯ ಮೇಲಿನ ಅನ್ನ ನೋಡಿ ಬರಬಹುದು, ಗಿರಾಕಿ ಜೊತೆ ಕೂಲಿ ಚೌಕಾಸಿ ಮಾಡಬಹುದು, ಬಾಗಿಲು ತೆರೆದೇ ಇರುತ್ತದೆ. ಆ ಕಬ್ಬಿಣದ ಸ್ಟ್ಯಾಂಡಿನ ನಿಜವಾದ ಬೆಲೆ ಇದು.

ಮೊದಲ ಪ್ರಶ್ನೆ

ಆದ್ದರಿಂದ ಊರಿನ ಮೆಷಿನ್ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಇನ್ನೂ ಹೊಲಿಯುತ್ತದೆಯೇ ಎಂಬುದು. ಅಮೆರಿಕದಲ್ಲಿ ಆ ಪ್ರಶ್ನೆಯ ಕಾಲ ಬಹುಪಾಲು ಮುಗಿದಿದೆ. ನಮ್ಮಲ್ಲಿ ಮುಗಿದಿಲ್ಲ. ಬೆಲ್ಟ್, ಶಟಲ್, ಬಾಬಿನ್, ಸೂಜಿ ಇಂದಿಗೂ ಪೇಟೆಯಲ್ಲಿ ಸಿಗುತ್ತವೆ. ರಿಪೇರಿಯವರು ತಾಲೂಕು ಕೇಂದ್ರಗಳಲ್ಲಿ ಇದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಹೊಲಿಗೆ ಯಂತ್ರಕ್ಕಾಗಿ ಅರ್ಜಿ ಹಾಕಿ ಕಾಯುವ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ. ಹೆಡ್ ಗಟ್ಟಿಯಿದ್ದರೆ ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿ, ಬೇಕಾದರೆ ಪುಟ್ಟ ಮೋಟಾರ್ ಕೂರಿಸಿ ಇನ್ನೊಬ್ಬರಿಗೆ ಕೊಡಬಹುದು.

ನಮ್ಮ ಮನೆಯ ಮೆಷಿನ್ ಹಾಗೆಯೇ ಹೋಯಿತು. ಅಮ್ಮ ಅದರಲ್ಲಿ ರವಿಕೆ, ಲಂಗ, ಯೂನಿಫಾರ್ಮು ಹೊಲಿದು ನನ್ನ ಫಾರ್ಮಸಿ ಡಿಪ್ಲೊಮಾದ ಫೀಸು ಕಟ್ಟಿದವರು. ಕಣ್ಣು ಮಂಜಾದಮೇಲೆ ಪಕ್ಕದ ಬೀದಿಯ ಹುಡುಗಿಗೆ ಕೊಟ್ಟರು. ಅವಳು ಈಗ ಅದರಲ್ಲಿ ನೈಟಿ ಹೊಲಿದು ಮಾರುತ್ತಾಳೆ. ನಮ್ಮ ಮನೆಗೆ ಮೇಜು ಸಿಗಲಿಲ್ಲ, ಅವಳ ಮನೆಗೆ ಆದಾಯ ಸಿಕ್ಕಿತು.

ಮೇಜು ಮಾಡುವುದಾದರೆ

ಹೆಡ್ ಒಡೆದಿದೆ, ಹಲಗೆ ಹೋಗಿದೆ, ಸ್ಟ್ಯಾಂಡ್ ಮಾತ್ರ ಇದೆ ಎಂದಾದರೆ ಮೇಜು ಮಾಡುವುದೇ ಸರಿ. ಗುಜರಿಗೆ ಹಾಕಿದರೆ ಅದು ಕರಗಿ ಹೋಗುತ್ತದೆ. ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡುವವನಾಗಿ ಕೆಲವು ಎಚ್ಚರಿಕೆಗಳನ್ನು ಹೇಳುತ್ತೇನೆ.

ಮೂಲ ಕಪ್ಪು ಬಣ್ಣದ ಮೇಲೆ ಯಾರೋ ಯಾವಾಗಲೋ ಹೊಡೆದ ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಸೀಸದ ಧೂಳು ಮಕ್ಕಳ ಮಿದುಳಿಗೆ ವಿಷ. ಒದ್ದೆ ಮಾಡಿ ಉಜ್ಜಿ, ಸರಿಯಾದ ಮಾಸ್ಕ್ ಹಾಕಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ತುಕ್ಕಿಗೆ ವಿನಿಗರ್ ಅಥವಾ ಅಂಗಡಿಯ ಆಸಿಡ್ ದ್ರಾವಣ ಬಳಸುವುದಾದರೆ ಅದೇ ಜಾಗದಲ್ಲಿ ಬ್ಲೀಚ್ ಬಳಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ತೊಳೆದ ಕೂಡಲೇ ಪೂರ್ತಿ ಒಣಗಿಸಿ ಎಣ್ಣೆ ಅಥವಾ ಪ್ರೈಮರ್ ಹಚ್ಚಿ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬರಿಯ ಬೀಡು ಬಹಳ ಬೇಗ ತುಕ್ಕಾಗುತ್ತದೆ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಕೈ ಕೊಯ್ದುಕೊಂಡರೆ ಗಾಯ ತೊಳೆದು ಟಿ.ಟಿ. ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣಿನಲ್ಲಿರುವ ರೋಗಾಣು.

ಸ್ಟ್ಯಾಂಡನ್ನು ಇಬ್ಬರು ಎತ್ತಬೇಕು, ಎಳೆಯಬಾರದು. ಮುರಿದ ಕಾಲಿಗೆ ಸಾಮಾನ್ಯ ವೆಲ್ಡಿಂಗ್ ಹಿಡಿಯುವುದಿಲ್ಲ, ಬೀಡಿನ ಕೆಲಸ ಗೊತ್ತಿರುವವರಿಗೇ ಕೊಡಿ. ಮೇಲಕ್ಕೆ ಹಲಸು, ತೇಗ, ಕಡಪ ಕಲ್ಲು, ಉಳಿದ ಗ್ರಾನೈಟ್ ತುಂಡು ಯಾವುದಾದರೂ ಆದೀತು. ಗಾಜಾದರೆ ಟಫನ್ಡ್ ಗಾಜೇ ಇರಲಿ. ಪೆಡಲ್ ನಡುವೆ ಇರುವುದರಿಂದ ಊಟದ ಮೇಜಿಗಿಂತ ಗೋಡೆಯ ಪಕ್ಕದ ಮೇಜಿಗೆ, ಓದುವ ಮೇಜಿಗೆ, ಕೈ ತೊಳೆಯುವ ಬೇಸಿನ್ನಿಗೆ ಇದು ಹೊಂದುತ್ತದೆ. ಚಕ್ರದ ಕಡ್ಡಿಗಳ ನಡುವೆ ಮಕ್ಕಳ ಬೆರಳು ಸಿಕ್ಕೀತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪೆಡಲಿನಿಂದ ಚಕ್ರಕ್ಕೆ ಹೋಗುವ ಸರಳನ್ನು ಬಿಚ್ಚಿ ಬೇರೆ ಇಡಿ, ಎಸೆಯಬೇಡಿ. ಸ್ಟ್ಯಾಂಡನ್ನು ತುಂಡು ಮಾಡದೆ, ಹೊಸ ತೂತು ಕೊರೆಯದೆ, ಹಳೆಯ ಸ್ಕ್ರೂ ಜಾಗದಲ್ಲೇ ಹಲಗೆ ಕೂರಿಸಿದರೆ ಮುಂದೆ ಯಾರಾದರೂ ಮತ್ತೆ ಹೆಡ್ ಹಾಕಿ ಹೊಲಿಯಬಹುದು.

ಇನ್ನೊಂದು ಕೆಲಸ ಐದು ನಿಮಿಷದ್ದು. ಹೆಡ್ ಬಿಸಾಡುವ ಮೊದಲು ಅದರ ಮೇಲಿನ ನಂಬರ್ ಬರೆದುಕೊಳ್ಳಿ. ಸಿಂಗರ್ ಆದರೆ ಆ ನಂಬರಿನಿಂದ ಅದು ಯಾವ ಕಾರ್ಖಾನೆಯಲ್ಲಿ, ಯಾವ ವರ್ಷ ತಯಾರಾಯಿತೆಂದು ತಿಳಿಯಬಹುದು. ಮೇಜಿನ ಹಲಗೆಯ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಆ ನಂಬರನ್ನು ಪೆನ್ನಿನಲ್ಲಿ ಬರೆಯಿರಿ. ಅದರ ಕೆಳಗೆ ಮೆಷಿನ್ ತುಳಿದವರ ಹೆಸರು, ಊರು, ಎಷ್ಟು ವರ್ಷ ತುಳಿದರು, ಏನೇನು ಹೊಲಿದರು ಎಂದು ಬರೆಯಿರಿ. ಬಹಳ ಮನೆಗಳಲ್ಲಿ ಈ ವಿವರ ಗೊತ್ತಿರುವವರು ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಈ ವಾರ ಊರಿಗೆ ಫೋನ್ ಮಾಡಿದಾಗ ಅವರನ್ನೇ ಕೇಳಿ.